ಸ್ಕೈರಿಮ್‌ಗೆ ಮಾಡ್ ಹಾಕಿದ ಮೇಲೆ ಆಟ ಕೈಕೊಟ್ಟರೆ: ದೋಷ ಪತ್ತೆಹಚ್ಚುವ ಕ್ರಮ

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟಕ್ಕೆ ಮಾಡ್‌ಗಳನ್ನು, ಅಂದರೆ ಆಟವನ್ನು ಬದಲಿಸುವ ಹೆಚ್ಚುವರಿ ಫೈಲುಗಳನ್ನು ಹಾಕಿದ ಮೇಲೆ ಅದು ಕೈಕೊಟ್ಟಾಗ, ಯಾವ ಕ್ಷಣದಲ್ಲಿ ಕೈಕೊಟ್ಟಿತು ಎಂಬುದನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳಬೇಕು. ಕಿಟಕಿ ತೆರೆಯುವ ಮೊದಲೇ ನಿಂತಿತೇ, ಲಾಂಛನ ಕಾಣಿಸಿ ಮುಖ್ಯ ಮೆನು ಬರುವಷ್ಟರಲ್ಲಿ ಮುಚ್ಚಿಕೊಂಡಿತೇ, ಸೇವ್ (ಆಟದ ಸ್ಥಿತಿ ಉಳಿಸಿಟ್ಟ ಫೈಲು) ತೆರೆಯುವಾಗ ಬಿದ್ದಿತೇ, ಅಥವಾ ಎರಡು ಗಂಟೆ ಚೆನ್ನಾಗಿ ಓಡಿ ಒಂದು ನಿರ್ದಿಷ್ಟ ತಿರುವಿನಲ್ಲಿ ಮಾತ್ರ ಬೀಳುತ್ತಿದೆಯೇ ಎಂಬುದು ತಿಳಿದರೆ, ಹುಡುಕಬೇಕಾದ ಜಾಗ ಅಲ್ಲಿಗೇ ಮುಕ್ಕಾಲು ಪಾಲು ಕಿರಿದಾಗುತ್ತದೆ. ಹೊಸಬರು ಸಾಮಾನ್ಯವಾಗಿ ಇದನ್ನು ಗಮನಿಸದೆ ಕೊನೆಗೆ ಹಾಕಿದ ಮಾಡ್ ತೆಗೆಯುತ್ತಾರೆ, ಮತ್ತೆರಡು ಹಾಕುತ್ತಾರೆ, ಸೆಟ್ಟಿಂಗ್ ಬದಲಿಸುತ್ತಾರೆ, ಕಡೆಗೆ ಇಡೀ ಆಟವನ್ನೇ ಅಳಿಸಿ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಅದೃಷ್ಟವಶಾತ್ ದೋಷ ಹೋದರೂ ಯಾವುದರಿಂದ ಹೋಯಿತು ಎಂಬುದು ತಿಳಿಯದ ಕಾರಣ, ಮುಂದಿನ ವಾರ ಅದೇ ದೋಷ ಮರಳಿದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಈ ಕೈಪಿಡಿ ವಿಂಡೋಸ್ ಕಂಪ್ಯೂಟರಿನಲ್ಲಿ ಆಡುವ ಸ್ಕೈರಿಮ್ ಸ್ಪೆಷಲ್ ಎಡಿಷನ್‌ಗೆ ಸಂಬಂಧಿಸಿದೆ. ಮೂಲ ಸ್ಕೈರಿಮ್ 2011ರ ನವೆಂಬರ್ 11ರಂದು ಬಂದಿತು. ಸ್ಪೆಷಲ್ ಎಡಿಷನ್ 2016ರ ಅಕ್ಟೋಬರ್ 28ರಂದು 64 ಬಿಟ್ ಆಟವಾಗಿ ಬಂದಿತು. ಇವೆರಡೂ ನೋಡಲು ಒಂದೇ ಆದರೂ ಮಾಡ್‌ಗಳ ಮಟ್ಟಿಗೆ ಬೇರೆ ಬೇರೆ ಆಟಗಳು. 2021ರ ನವೆಂಬರ್ 11ರಂದು ಬಂದ ಆನಿವರ್ಸರಿ ಎಡಿಷನ್ ಮಾತ್ರ ಪ್ರತ್ಯೇಕ ಆಟವಲ್ಲ. ಅದು ಸ್ಪೆಷಲ್ ಎಡಿಷನ್‌ನ 1.6 ಸರಣಿಯ ಆವೃತ್ತಿಯ ಮೇಲೆ ಹೆಚ್ಚುವರಿ ಸರಕು ಸೇರಿಸಿದ ರೂಪ. ಹೆಸರುಗಳ ಈ ಗೊಂದಲದಿಂದಲೇ ಅರ್ಧದಷ್ಟು ದೋಷಗಳು ಹುಟ್ಟುತ್ತವೆಂದರೆ ಅತಿಶಯೋಕ್ತಿಯಾಗದು.

ಕೈ ಹಾಕುವ ಮೊದಲು

ಆಟದ ಫೋಲ್ಡರಿನಲ್ಲಿರುವ ಸ್ಕೈರಿಮ್‌ಎಸ್‌ಇ ಎಂಬ ಚಾಲಕ ಫೈಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟವನ್ನು ತೆರೆದರೆ ಆವೃತ್ತಿಯ ಸಂಖ್ಯೆ ಕಾಣುತ್ತದೆ. 1.5.97, 1.6.640, 1.6.1170 ಇವು ಹೆಚ್ಚಾಗಿ ಕಾಣಸಿಗುವ ಸಂಖ್ಯೆಗಳು; ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡವರಿಗೆ 1.6.1179 ಕಾಣಬಹುದು. ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡಿ. ಮುಂದೆ ಪ್ರತಿ ಮಾಡ್‌ನ ವಿವರಣೆಯನ್ನೂ ಇದೇ ಸಂಖ್ಯೆಯ ಎದುರಿಗಿಟ್ಟು ಓದಬೇಕಾಗುತ್ತದೆ. "ನನ್ನದು ಆನಿವರ್ಸರಿ ಎಡಿಷನ್" ಎಂದಷ್ಟೇ ಹೇಳಿ ಸಹಾಯ ಕೇಳುವುದು, ಡಾಕ್ಟರ ಬಳಿ ಹೋಗಿ "ಮೈ ಸರಿಯಿಲ್ಲ" ಎಂದಷ್ಟೇ ಹೇಳಿದಂತೆ.

ಆಟ ಎಲ್ಲಿ ಕುಳಿತಿದೆ ಎಂಬುದನ್ನೂ ನೋಡಿ. ಆಟಗಳನ್ನು ಮಾರುವ ಸ್ಟೀಮ್ ತಂತ್ರಾಂಶ ತಾನಾಗಿ ಆರಿಸಿಕೊಳ್ಳುವ ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ವಿಂಡೋಸ್ ವಿಶೇಷ ಕಾವಲು ಇಟ್ಟಿರುತ್ತದೆ. ಅಲ್ಲಿ ಮಾಡ್ ಸಲಕರಣೆಗಳು ಬರೆಯಲು ಹೋದ ಫೈಲುಗಳು ಸದ್ದಿಲ್ಲದೆ ತಪ್ಪಿಹೋಗಬಹುದು. ಬೇರೆ ಡ್ರೈವ್‌ನಲ್ಲಿ ಸ್ಟೀಮ್ ಲೈಬ್ರರಿ ಮಾಡಿಕೊಂಡು ಆಟವನ್ನು ಅಲ್ಲಿಗೆ ಸರಿಸುವುದು ಲೇಸು. ಡಾಕ್ಯುಮೆಂಟ್ಸ್ ಫೋಲ್ಡರನ್ನು ಒನ್‌ಡ್ರೈವ್ ತನ್ನ ವಶಕ್ಕೆ ತೆಗೆದುಕೊಂಡಿದ್ದರೆ ಸೆಟ್ಟಿಂಗ್ ಫೈಲುಗಳು ಮತ್ತು ಸೇವ್‌ಗಳು ಎರಡು ಕಡೆ ಹರಿದುಹಂಚಿಹೋಗುವ ಸಂಭವವಿದೆ. ಒಂದು ಕಡೆ ತಿದ್ದಿದ್ದು ಇನ್ನೊಂದು ಕಡೆ ಓದುವ ಆಟಕ್ಕೆ ಕಾಣುವುದೇ ಇಲ್ಲ. ವಿಂಡೋಸ್ ಬಳಕೆದಾರನ ಹೆಸರನ್ನು ಅಭಿಮಾನದಿಂದ ಕನ್ನಡ ಲಿಪಿಯಲ್ಲಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಕೆಲವು ಹಳೆಯ ಮಾಡ್ ಸಲಕರಣೆಗಳು ಇಂಗ್ಲಿಷ್ ಅಲ್ಲದ ಅಕ್ಷರಗಳಿರುವ ಫೋಲ್ಡರ್ ದಾರಿಯಲ್ಲಿ ಎಡವುತ್ತವೆ. ಆದ್ದರಿಂದ ಮಾಡ್‌ಗಳ ಫೋಲ್ಡರನ್ನಾದರೂ ಇಂಗ್ಲಿಷ್ ಹೆಸರಿನ, ಚಿಕ್ಕ ದಾರಿಯಲ್ಲಿ ಇಡಿ.

ಕಡೆಯದಾಗಿ, ಒಂದೇ ಒಂದು ಮಾಡ್ ಕೂಡ ಇಲ್ಲದೆ ಆಟವನ್ನು ಒಮ್ಮೆ ಸ್ಟೀಮ್‌ನ ಮೂಲಕವೇ ತೆರೆದು, ಹೊಸ ಆಟ ಆರಂಭಿಸಿ, ಹತ್ತು ನಿಮಿಷ ಆಡಿ ಮುಚ್ಚಿ. ಹೀಗೆ ತೆರೆದಾಗಲೇ ಸೆಟ್ಟಿಂಗ್ ಫೈಲುಗಳು ಸೃಷ್ಟಿಯಾಗುತ್ತವೆ. ಬರಿಯ ಆಟವೇ ಬೀಳುತ್ತಿದ್ದರೆ ದೋಷ ಮಾಡ್‌ಗಳದ್ದಲ್ಲ. ಸ್ಟೀಮ್‌ನಲ್ಲಿ ಫೈಲುಗಳನ್ನು ಪರಿಶೀಲಿಸುವ ಆಯ್ಕೆ ಬಳಸಿ, ಗ್ರಾಫಿಕ್ಸ್ ಡ್ರೈವರ್ ನೋಡಿಕೊಳ್ಳಿ. ಮಳೆಗಾಲದಲ್ಲಿ ಡೌನ್‌ಲೋಡಿನ ನಡುವೆ ಕರೆಂಟ್ ಹೋಗಿ ಬಂದ ಮನೆಗಳಲ್ಲಿ ಈ ಪರಿಶೀಲನೆ ಒಂದೆರಡು ಹಾಳಾದ ಫೈಲುಗಳನ್ನು ಹಿಡಿದುಕೊಟ್ಟಿದ್ದನ್ನು ಕಂಡಿದ್ದೇನೆ.

ಮಾಡ್ ಮ್ಯಾನೇಜರ್ ಇಲ್ಲದೆ ಫೈಲುಗಳನ್ನು ನೇರವಾಗಿ ಡೇಟಾ ಫೋಲ್ಡರಿಗೆ ಸುರಿದಿದ್ದರೆ ಈ ಕೈಪಿಡಿಯ ಉಳಿದ ಭಾಗ ಹೆಚ್ಚು ಉಪಯೋಗಕ್ಕೆ ಬರಲಾರದು, ಏಕೆಂದರೆ ಯಾವ ಫೈಲು ಯಾವುದರ ಮೇಲೆ ಕುಳಿತಿತೆಂದು ತಿಳಿಯುವ ದಾರಿಯೇ ಉಳಿದಿರುವುದಿಲ್ಲ. ಮಾಡ್ ಆರ್ಗನೈಸರ್ 2 ಅಥವಾ ವೊರ್ಟೆಕ್ಸ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮಾಡ್ ಆರ್ಗನೈಸರ್ ಪ್ರತಿ ಮಾಡ್ ಅನ್ನೂ ಅದರದೇ ಫೋಲ್ಡರಿನಲ್ಲಿಟ್ಟು, ಆಟ ಓಡುವಾಗ ಮಾತ್ರ ಎಲ್ಲವೂ ಡೇಟಾ ಫೋಲ್ಡರಿನಲ್ಲಿ ಇರುವಂತೆ ಆಟವನ್ನು ನಂಬಿಸುತ್ತದೆ. ಮೂಲ ಫೋಲ್ಡರ್ ಮುಟ್ಟದೆ ಉಳಿಯುವುದರಿಂದ ದೋಷ ಹುಡುಕುವವರಿಗೆ ಇದೇ ಅನುಕೂಲವೆಂಬುದು ನನ್ನ ಅನುಭವ, ಮುಂದಿನ ವಿವರಣೆಯೂ ಅದನ್ನೇ ಅನುಸರಿಸಿದೆ. ವೊರ್ಟೆಕ್ಸ್ ಬಳಸುವವರು ಬದಲಾವಣೆ ಮಾಡಿದ ಮೇಲೆ ಡಿಪ್ಲಾಯ್ ಒತ್ತಲು ಮರೆಯಬಾರದು. ಎರಡನ್ನೂ ಒಟ್ಟಿಗೆ ಬಳಸಬಾರದು. ಆಟದ ಒಳಗಿನ ಕ್ರಿಯೇಷನ್ಸ್ ಮೆನುವಿನಿಂದಲೂ ಮಾಡ್ ಇಳಿಸಿಕೊಂಡು, ಹೊರಗಿನ ಮ್ಯಾನೇಜರ್ ಅನ್ನೂ ನಡೆಸಿದರೆ ಎರಡು ಕೈಗಳು ಒಂದೇ ಪಟ್ಟಿಯನ್ನು ತಿದ್ದಿದಂತಾಗುತ್ತದೆ.

ಕಿಟಕಿಯೇ ತೆರೆಯದಿದ್ದರೆ

ಇದು ಬಹುಪಾಲು ಎಸ್‌ಕೆಎಸ್‌ಇಗೆ ಸಂಬಂಧಿಸಿದ ದೋಷ. ಆಟದ ಸ್ಕ್ರಿಪ್ಟ್ ಭಾಷೆಗೆ ಮೂಲದಲ್ಲಿ ಇಲ್ಲದ ಶಕ್ತಿಗಳನ್ನು ಸೇರಿಸುವ ಈ ಸಾಧನ, ಆಟದ ಚಾಲಕ ಫೈಲಿನೊಳಗಿನ ನಿರ್ದಿಷ್ಟ ವಿಳಾಸಗಳಿಗೆ ಕೊಂಡಿ ಹಾಕಿಕೊಂಡು ಕೆಲಸ ಮಾಡುತ್ತದೆ. ಸ್ಟೀಮ್ ರಾತ್ರೋರಾತ್ರಿ ಆಟವನ್ನು ಅಪ್‌ಡೇಟ್ ಮಾಡಿದರೆ ಆ ವಿಳಾಸಗಳು ಸ್ಥಳಾಂತರವಾಗುತ್ತವೆ, ಕೊಂಡಿ ಗಾಳಿಗೆ ಬೀಳುತ್ತದೆ. ಆಗ ನಿಮ್ಮ ಸ್ಕೈರಿಮ್ ಈ ಎಸ್‌ಕೆಎಸ್‌ಇಗಿಂತ ಹೊಸದು ಎಂಬ ಅರ್ಥದ ಸಂದೇಶ ಬರುತ್ತದೆ. ಪರಿಹಾರ ನೇರ: 1.5.97ಕ್ಕೆ 2.0.20, 1.6.1170ಕ್ಕೆ 2.2.6 ಹೀಗೆ ನಿಮ್ಮ ಆವೃತ್ತಿಗೆ ಹೊಂದುವ ಎಸ್‌ಕೆಎಸ್‌ಇ ಹಾಕಬೇಕು. ಜಿಒಜಿಯ ಆಟಕ್ಕೆ ಬೇರೆಯೇ ಕಟ್ಟು ಇದೆ. ಸ್ಟೀಮಿನದು ಅಲ್ಲಿ ಓಡದು. ಮೈಕ್ರೋಸಾಫ್ಟ್‌ನ ಚಂದಾ ಸೇವೆಯಾದ ಗೇಮ್ ಪಾಸ್ ಮೂಲಕ ಪಡೆದ ಆಟದಲ್ಲಿ ಎಸ್‌ಕೆಎಸ್‌ಇ ಕೆಲಸವೇ ಮಾಡುವುದಿಲ್ಲ, ಆದ್ದರಿಂದ ಅಲ್ಲಿ ತಲೆ ಕೆಡಿಸಿಕೊಂಡು ಫಲವಿಲ್ಲ.

ಎಸ್‌ಕೆಎಸ್‌ಇ ಸರಿಯಿದ್ದರೂ ಅದನ್ನು ಆಶ್ರಯಿಸಿದ ಡಿಎಲ್‌ಎಲ್ ಮಾಡ್‌ಗಳು (ಆಟದ ಜೊತೆಯಲ್ಲೇ ಓಡುವ ಪ್ರೋಗ್ರಾಂ ಫೈಲುಗಳಿರುವವು) ಹಳೆಯವಾಗಿರಬಹುದು. ಇಂತಹ ಹೆಚ್ಚಿನ ಮಾಡ್‌ಗಳು ಅಡ್ರೆಸ್ ಲೈಬ್ರರಿ ಎಂಬ ಇನ್ನೊಂದು ಮಾಡ್‌ನಿಂದ ವಿಳಾಸಗಳನ್ನು ಕೇಳಿ ಪಡೆಯುತ್ತವೆ. ಅದು ಇಲ್ಲದಿದ್ದರೆ, ಅಥವಾ 1.5 ಸರಣಿಯದನ್ನು ತಂದು 1.6ರ ಆಟಕ್ಕೆ ಹಾಕಿದ್ದರೆ, ಒಂದರ ಹಿಂದೆ ಒಂದು ದೋಷಸಂದೇಶ ಬರುತ್ತದೆ. ಇಲ್ಲಿ ಸಂದೇಶಗಳ ಸಂಖ್ಯೆ ನೋಡಿ ಹೆದರಬೇಕಿಲ್ಲ. ಹತ್ತು ಮಾಡ್‌ಗಳು ದೂರಿದರೂ ಕಾಣೆಯಾಗಿರುವುದು ಒಂದೇ ಫೈಲು ಆಗಿರಬಹುದು. ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್‌ನಲ್ಲಿ ಸ್ಕೈರಿಮ್ ಸ್ಪೆಷಲ್ ಎಡಿಷನ್ ಫೋಲ್ಡರ್, ಅದರೊಳಗೆ ಎಸ್‌ಕೆಎಸ್‌ಇ ಫೋಲ್ಡರ್ ಇದೆ. ಅಲ್ಲಿ ಎಸ್‌ಕೆಎಸ್‌ಇ64 ಹೆಸರಿನ ಲಾಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ಪ್ರತಿ ಡಿಎಲ್‌ಎಲ್ ಎದುರಿಗೂ ಅದು ಸರಿಯಾಗಿ ತೆರೆಯಿತೋ, ಆವೃತ್ತಿ ಹೊಂದದೆ ಬದಿಗೆ ಸರಿಸಲ್ಪಟ್ಟಿತೋ ಎಂದು ಬರೆದಿರುತ್ತದೆ. 126 ಎಂಬ ದೋಷಸಂಖ್ಯೆ ಕಂಡರೆ ಆ ಡಿಎಲ್‌ಎಲ್ ತನಗೆ ಬೇಕಾದ ಇನ್ನೊಂದು ಫೈಲು ಸಿಗದೆ ನಿಂತಿದೆ ಎಂದರ್ಥ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್‌ನ 64 ಬಿಟ್ ಆವೃತ್ತಿಯನ್ನು ಹೊಸದಾಗಿ ಹಾಕಿ ನೋಡಿ.

ಮೆನು ಬರುವ ಮೊದಲೇ ಆಟ ಮುಚ್ಚಿಕೊಂಡರೆ

ಲಾಂಛನ ಕಾಣಿಸಿ, ಸಂಗೀತ ಆರಂಭವಾಗಿ ಅಥವಾ ಆಗದೆ, ಯಾವ ಸಂದೇಶವೂ ಇಲ್ಲದೆ ಡೆಸ್ಕ್‌ಟಾಪ್ ಕಂಡರೆ ಮೊದಲ ಸಂಶಯ ಮಾಸ್ಟರ್ ಫೈಲಿನ ಮೇಲೆ ಹೋಗಬೇಕು. ಮಾಡ್‌ನ ದಾಖಲೆಗಳನ್ನು ಹೊತ್ತ ಫೈಲಿಗೆ ಪ್ಲಗಿನ್ ಎನ್ನುತ್ತಾರೆ. ಪ್ರತಿ ಪ್ಲಗಿನ್ ತನ್ನ ತಲೆಬರಹದಲ್ಲಿ, ತಾನು ಯಾವ ಫೈಲುಗಳ ಮೇಲೆ ನಿಂತಿದ್ದೇನೆ ಎಂಬ ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯ ಒಂದು ಹೆಸರು ಇಲ್ಲದಿದ್ದರೂ ಆಟ ತಳವಿಲ್ಲದ ಗೋಡೆಯಂತೆ ಕುಸಿಯುತ್ತದೆ. ಮಾಡ್ ಆರ್ಗನೈಸರಿನ ಬಲಗಡೆಯ ಪಟ್ಟಿಯಲ್ಲಿ ಇಂತಹ ಪ್ಲಗಿನ್‌ನ ಪಕ್ಕ ಎಚ್ಚರಿಕೆಯ ಚಿಹ್ನೆ ಇರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಕಾಣೆಯಾದ ಮಾಸ್ಟರ್‌ನ ಹೆಸರು ಮೂಡುತ್ತದೆ.

ಹೊಸಬರಿಗೆ ಮೊದಲ ದಿನವೇ ಎದುರಾಗುವ ಉದಾಹರಣೆಯೊಂದಿದೆ. ಯಾರೇ ಸಲಹೆ ಕೊಟ್ಟರೂ ಮೊದಲು ಹಾಕಿಕೊಳ್ಳಿ ಎಂದು ಹೇಳುವುದು ಮೂಲ ಆಟದ ದೋಷಗಳನ್ನು ತಿದ್ದುವ ಅನಫಿಷಿಯಲ್ ಪ್ಯಾಚ್ ಅನ್ನು. ಅದರ ಈಚಿನ ಆವೃತ್ತಿಗಳು ಮೀನುಗಾರಿಕೆ, ಸರ್ವೈವಲ್ ಮೋಡ್, ಸೇಂಟ್ಸ್ ಆಂಡ್ ಸೆಡ್ಯೂಸರ್ಸ್, ರೇರ್ ಕ್ಯೂರಿಯೋಸ್ ಎಂಬ ನಾಲ್ಕು ಉಚಿತ ಕ್ರಿಯೇಷನ್‌ಗಳನ್ನೂ ಮಾಸ್ಟರ್‌ಗಳಾಗಿ ಕೇಳುತ್ತವೆ. ಹಳೆಯ 1.5.97 ಆಟದಲ್ಲಿ ಇವು ಇರುವುದಿಲ್ಲ. ಹೊಸ ಆಟದಲ್ಲಿಯೂ "ನನಗೆ ಮೀನು ಹಿಡಿಯುವುದು ಬೇಡ" ಎಂದು ಆ ಫೈಲನ್ನು ಅಳಿಸಿದವರಿದ್ದಾರೆ. ಎರಡೂ ಸಂದರ್ಭದಲ್ಲಿ ಫಲ ಒಂದೇ: ಮೆನು ಕಾಣುವ ಮೊದಲೇ ಆಟ ಮುಚ್ಚಿಕೊಳ್ಳುತ್ತದೆ, ದೂರು ಮಾತ್ರ ಪ್ಯಾಚ್‌ನ ಮೇಲೆ ಬರುತ್ತದೆ.

ಎರಡನೆಯ ಸಂಶಯ, 1.6.1130ರಲ್ಲಿ ಬಂದ ಒಂದು ಬದಲಾವಣೆ. 2023ರ ಡಿಸೆಂಬರಿನಲ್ಲಿ ಬಂದ ಆ ಅಪ್‌ಡೇಟ್ ಇಎಸ್‌ಎಲ್ ಎಂಬ ಹಗುರ ಪ್ಲಗಿನ್‌ಗಳು ಹಿಡಿದಿಟ್ಟುಕೊಳ್ಳಬಹುದಾದ ಹೊಸ ದಾಖಲೆಗಳ ಮಿತಿಯನ್ನು 2048ರಿಂದ 4096ಕ್ಕೆ ಏರಿಸಿತು ಮತ್ತು ತಲೆಬರಹದ ಸಂಖ್ಯೆಯನ್ನು 1.71 ಎಂದು ಬದಲಿಸಿತು. ಅಂತಹ ಪ್ಲಗಿನ್ ಅನ್ನು ಅದಕ್ಕಿಂತ ಹಳೆಯ ಆಟಕ್ಕೆ ಹಾಕಿದರೆ ಆಟಕ್ಕೆ ಅದು ಅರ್ಥವಾಗದು. ಹಳೆಯ ಆವೃತ್ತಿಯಲ್ಲಿಯೇ ಉಳಿಯಬೇಕೆನ್ನುವವರಿಗಾಗಿ ಬ್ಯಾಕ್‌ಪೋರ್ಟೆಡ್ ಎಕ್ಸ್‌ಟೆಂಡೆಡ್ ಇಎಸ್‌ಎಲ್ ಸಪೋರ್ಟ್ ಎಂಬ ಮಾಡ್ ಇದೆ. ಅದನ್ನು ಹಾಕಿದರೆ ತೊಂದರೆ ನಿವಾರಣೆಯಾಗುತ್ತದೆ.

ಪ್ಲಗಿನ್‌ಗಳ ಸಂಖ್ಯೆಯ ಮಿತಿಯೂ ಇದೆ. ಪೂರ್ಣ ಪ್ಲಗಿನ್‌ಗಳು 254ನ್ನು ಮೀರಬಾರದು. ಹಗುರ ಪ್ಲಗಿನ್‌ಗಳು ಒಂದೇ ಸ್ಥಾನವನ್ನು ಹಂಚಿಕೊಳ್ಳುವುದರಿಂದ ಅವು 4096ರವರೆಗೆ ಇರಬಹುದು. ಮೊದಲ ತಿಂಗಳಲ್ಲಿಯೇ ಈ ಮಿತಿಗೆ ಬಡಿದಿದ್ದರೆ ಹುಡುಕಬೇಕಾದ ದೋಷ ಕಂಪ್ಯೂಟರಿನಲ್ಲಿ ಇಲ್ಲ.

ಆಟ ಓಡುತ್ತಿದೆ, ಮಾಡ್ ಮಾತ್ರ ಕಾಣುತ್ತಿಲ್ಲ

ಆಟವನ್ನು ಸ್ಟೀಮ್‌ನ ಹಸಿರು ಗುಂಡಿಯಿಂದ ತೆರೆದಿರಾ ಎಂದು ಮೊದಲು ನೋಡಿಕೊಳ್ಳಿ. ಹಾಗೆ ತೆರೆದರೆ ಎಸ್‌ಕೆಎಸ್‌ಇಯೂ ಬರುವುದಿಲ್ಲ, ಮಾಡ್ ಆರ್ಗನೈಸರ್ ತೋರಿಸುವ ಫೈಲುಗಳೂ ಬರುವುದಿಲ್ಲ. ಮಾಡ್ ಆರ್ಗನೈಸರಿನ ಒಳಗಿನಿಂದ, ಎಸ್‌ಕೆಎಸ್‌ಇ ಲೋಡರ್ ಆರಿಸಿಕೊಂಡು ತೆರೆಯಬೇಕು. ಖಚಿತಪಡಿಸಿಕೊಳ್ಳಲು ಮುಖ್ಯ ಮೆನುವಿನಲ್ಲಿ ಎಸ್ಕೇಪ್ ಗುಂಡಿಯ ಕೆಳಗಿರುವ ಗುಂಡಿಯನ್ನು ಒತ್ತಿ, ಆಟಕ್ಕೆ ಆಜ್ಞೆ ಬರೆಯುವ ಕನ್ಸೋಲ್ ತೆರೆಯಿರಿ. ಗೆಟ್, ಎಸ್‌ಕೆಎಸ್‌ಇ, ವರ್ಷನ್ ಎಂಬ ಮೂರನ್ನೂ ಜಾಗ ಬಿಡದೆ ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆದು ಎಂಟರ್ ಒತ್ತಿದರೆ ಆವೃತ್ತಿಯ ಸಂಖ್ಯೆ ಬರಬೇಕು. ಕೀಬೋರ್ಡ್ ಕನ್ನಡ ವಿನ್ಯಾಸದಲ್ಲಿ ಉಳಿದಿದ್ದರೆ ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ನನ್ನ ಪರಿಚಿತರೊಬ್ಬರು ಕನ್ಸೋಲ್ ಕೆಟ್ಟಿದೆಯೆಂದು ಅರ್ಧ ದಿನ ಹುಡುಕಿದ್ದು ಇದೇ ಕಾರಣಕ್ಕೆ.

ಆವೃತ್ತಿ ಬಂದರೂ ಮಾಡ್ ಕಾಣದಿದ್ದರೆ ಜಿಪ್ ಫೈಲಿನ ಒಳರಚನೆ ನೋಡಿ. ಆಟ ಮೆಶಸ್ (ವಸ್ತುಗಳ ಆಕಾರ), ಟೆಕ್ಸ್ಚರ್ಸ್ (ಅವುಗಳ ಮೇಲ್ಮೈಯ ಚಿತ್ರ), ಸ್ಕ್ರಿಪ್ಟ್ಸ್, ಇಂಟರ್‌ಫೇಸ್ ಎಂಬ ಫೋಲ್ಡರುಗಳನ್ನು ಡೇಟಾದ ನೇರ ಕೆಳಗೆ ಹುಡುಕುತ್ತದೆ. ಮಾಡ್ ಕಟ್ಟಿದವರು ಅವನ್ನು ಇನ್ನೊಂದು ಫೋಲ್ಡರಿನೊಳಗೆ ಹುದುಗಿಸಿದ್ದರೆ ಪೆಟ್ಟಿಗೆಯೊಳಗಿನ ಪೆಟ್ಟಿಗೆ ಆಟಕ್ಕೆ ಕಾಣದು. ಹೀಗಿದ್ದರೆ ಮಾಡ್ ಆರ್ಗನೈಸರ್ ಹಾಕುವಾಗಲೇ ಎಚ್ಚರಿಸುತ್ತದೆ. ಅವಸರದಲ್ಲಿ ಓಕೆ ಒತ್ತಿ ಮುಂದೆ ಹೋಗುವವರೇ ಹೆಚ್ಚು.

ಆಟದ ಮೆನುಗಳನ್ನು ಬದಲಿಸುವ ಸ್ಕೈಯುಐ ಮಾಡ್ ತನ್ನ ದೋಷಸಂಖ್ಯೆ ತೋರಿಸಿ ದೂರುತ್ತಿದ್ದರೆ, ಎಸ್‌ಕೆಎಸ್‌ಇಯ ಚಾಲಕ ಫೈಲುಗಳನ್ನು ಆಟದ ಫೋಲ್ಡರಿಗೆ ಹಾಕಿ, ಅದರ ಜೊತೆಗೆ ಬರುವ ಸ್ಕ್ರಿಪ್ಟ್ಸ್ ಫೋಲ್ಡರನ್ನು ಮರೆತಿರುವ ಸಾಧ್ಯತೆ ಹೆಚ್ಚು. ಇನ್ನು ಮಾಡ್ ಸೆಟ್ಟಿಂಗ್‌ಗಳ ಮೆನು ಹೊಸ ಆಟದಲ್ಲಿ ಖಾಲಿ ಕಂಡರೆ ಅದು ದೋಷವಲ್ಲ. ಪ್ರತಿ ಮಾಡ್ ತನ್ನ ಹೆಸರು ನೋಂದಾಯಿಸಲು ಕೆಲವು ನಿಮಿಷ ಬೇಕು, ಅಲ್ಲಿಯವರೆಗೆ ಆಟದೊಳಗೆ ಸುಮ್ಮನೆ ನಿಂತು ಕಾಯಬೇಕು.

ಕಾಯಬೇಕಿಲ್ಲದ ಇನ್ನೊಂದು ದೃಶ್ಯ ಆರಂಭದ ಎತ್ತಿನಗಾಡಿಯಂತಹ ಕುದುರೆ ಬಂಡಿಯದು. ಹೆಲ್ಗೆನ್ ಕಡೆಗೆ ಕೈದಿಗಳನ್ನು ಒಯ್ಯುವ ಆ ಬಂಡಿ ಕುಪ್ಪಳಿಸಿ, ತಲೆಕೆಳಗಾಗಿ, ಆಕಾಶಕ್ಕೆ ಹಾರಿದರೆ ನಗಬಹುದು, ಆದರೆ ಅದು ಮಾಡ್‌ನ ಚೇಷ್ಟೆಯಾಗಿರಬೇಕಿಲ್ಲ. ಆಟದ ಭೌತಿಕ ಲೆಕ್ಕಾಚಾರ ಸೆಕೆಂಡಿಗೆ 60 ಚೌಕಟ್ಟುಗಳ ಮೇಲೆ ನಿಂತಿದೆ. 144 ಹರ್ಟ್ಸ್ ಪರದೆಯಲ್ಲಿ ಚೌಕಟ್ಟುಗಳು ಅದನ್ನು ಮೀರಿದಾಗ ಲೆಕ್ಕ ತಪ್ಪುತ್ತದೆ. 60ಕ್ಕೆ ಮಿತಿ ಹಾಕಿ, ಅಥವಾ ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್ ಎಂಬ ಮಾಡ್ ಬಳಸಿ.

ಒಂದೇ ಜಾಗದಲ್ಲಿ ಬೀಳುವ ಆಟ

ಕೈಪಿಡಿಯ ಉಳಿದೆಲ್ಲ ಭಾಗಕ್ಕಿಂತ ತಾಳ್ಮೆ ಬೇಡುವ ದೋಷ ಇದು. ಇದಕ್ಕೆ ಮೊದಲು ಹಾಕಿಕೊಳ್ಳಬೇಕಾದದ್ದು ಕ್ರ್ಯಾಶ್ ಲಾಗರ್ ಎಂಬ ಮಾಡ್. ಆಟ ಬಿದ್ದ ಕ್ಷಣದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಅದು ಕ್ರ್ಯಾಶ್ ಎಂಬ ಪದ ಮತ್ತು ದಿನಾಂಕದಿಂದ ಆರಂಭವಾಗುವ ಫೈಲಿನಲ್ಲಿ ಬರೆದಿಡುತ್ತದೆ. ಪ್ಯಾಪಿರಸ್ ಲಾಗ್ ಎಂಬ ಇನ್ನೊಂದನ್ನು ಹಲವರು ಇದಕ್ಕಾಗಿ ತೆರೆದು ಕುಳಿತುಕೊಳ್ಳುತ್ತಾರೆ. ಅದು ಸ್ಕ್ರಿಪ್ಟ್‌ಗಳ ದಿನಚರಿಯೇ ಹೊರತು ಅಪಘಾತದ ವರದಿಯಲ್ಲ, ಚೆನ್ನಾಗಿ ಓಡುವ ಆಟದಲ್ಲಿಯೂ ಅದರ ತುಂಬ ದೂರುಗಳೇ ಇರುತ್ತವೆ.

ಕ್ರ್ಯಾಶ್ ವರದಿಯ ಮೊದಲ ಸಾಲುಗಳಲ್ಲಿ ಸಾಮಾನ್ಯವಾಗಿ ಆಕ್ಸೆಸ್ ವಯೊಲೇಷನ್ ಎಂಬ ಪದ ಇರುತ್ತದೆ. ಇಲ್ಲದ ಸ್ಮೃತಿಜಾಗವನ್ನು ಆಟ ಮುಟ್ಟಿತು ಎಂದಷ್ಟೇ ಅದರ ಅರ್ಥ; ಬಹುತೇಕ ಎಲ್ಲ ಕ್ರ್ಯಾಶ್‌ಗಳಲ್ಲೂ ಇರುವುದರಿಂದ ಅದನ್ನು ಹಿಡಿದು ಹುಡುಕಿದರೆ ಸಾವಿರ ಬೇರೆ ಬೇರೆ ಉತ್ತರಗಳು ಸಿಗುತ್ತವೆ. ಅದನ್ನು ದಾಟಿ ಕೆಳಗೆ ಹೋಗಿ, ಸಂಬಂಧಪಟ್ಟ ವಸ್ತುಗಳ ಭಾಗದಲ್ಲಿ ಯಾವ ಪ್ಲಗಿನ್ ಹೆಸರು, ಯಾವ ಮೆಶ್ ಫೈಲಿನ ಹೆಸರು ಮರಳಿ ಮರಳಿ ಬರುತ್ತಿದೆ ಎಂದು ನೋಡಿ. ಒಂದೇ ವರದಿಯನ್ನು ನಂಬಬೇಡಿ. ಮೂರು ಬಾರಿ ಬೀಳಿಸಿ, ಮೂರು ವರದಿಗಳನ್ನು ಪಕ್ಕಪಕ್ಕ ಇಟ್ಟು, ಮೂರರಲ್ಲೂ ಇರುವ ಹೆಸರನ್ನು ಮಾತ್ರ ಗುರುತಿಸಿ.

ನನ್ನದೇ ಆಟದಲ್ಲಿ ನಡೆದದ್ದನ್ನು ಹೇಳಿದರೆ ಕ್ರಮ ಸ್ಪಷ್ಟವಾದೀತು. ರಿವರ್‌ವುಡ್‌ನಿಂದ ಹೊರಟು ಹೊಳೆಯ ಪಕ್ಕದ ದಾರಿ ಇಳಿದು, ಹನಿಂಗ್‌ಬ್ರೂ ಮದ್ಯಶಾಲೆ ಕಣ್ಣಿಗೆ ಬೀಳುವಷ್ಟರಲ್ಲಿ ಆಟ ಮುಚ್ಚಿಕೊಳ್ಳುತ್ತಿತ್ತು. ವೈಟ್‌ರನ್ ಕಡೆಯಿಂದ ಬಂದರೆ ಕೆಲವೊಮ್ಮೆ ದಾಟಿಸುತ್ತಿತ್ತು. ಮೊದಲ ವರದಿಯಲ್ಲಿ ಗ್ರಾಫಿಕ್ಸ್ ಡ್ರೈವರಿನ ಹೆಸರು ಇದ್ದುದರಿಂದ ಡ್ರೈವರ್ ಬದಲಿಸಿ ಒಂದು ಸಂಜೆ ಕಳೆದೆ, ಏನೂ ಆಗಲಿಲ್ಲ. ಎರಡನೆಯ ಮತ್ತು ಮೂರನೆಯ ವರದಿಗಳಲ್ಲಿ ಡ್ರೈವರಿನ ಸುಳಿವಿರಲಿಲ್ಲ, ಆದರೆ ಮೂರರಲ್ಲೂ ಒಂದೇ ಭೂಭಾಗದ ದಾಖಲೆ ಇತ್ತು. ಅದರ ಕೆಳಗೆ ಆ ದಾಖಲೆಯನ್ನು ಯಾವ ಯಾವ ಪ್ಲಗಿನ್‌ಗಳು ತಿದ್ದಿವೆ ಎಂಬ ಸಾಲಿನಲ್ಲಿ ಮೂಲ ಆಟದ ನಂತರ ಎರಡು ಹೆಸರುಗಳಿದ್ದವು: ದಾರಿಬದಿಗೆ ಒಂದು ಮನೆ ಸೇರಿಸುವ ಚಿಕ್ಕ ಮಾಡ್ ಮತ್ತು ಹಳ್ಳಿಗಳನ್ನು ವಿಸ್ತರಿಸುವ ದೊಡ್ಡ ಮಾಡ್.

ಎರಡರಲ್ಲಿ ಯಾವುದನ್ನು ತೆಗೆದರೂ ಆಟ ದಾಟುತ್ತಿತ್ತು. ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಎರಡೂ ಬೇಕಾಗಿದ್ದವು. ಪ್ಲಗಿನ್‌ಗಳ ಒಳಗನ್ನು ತೋರಿಸುವ ಎಸ್‌ಎಸ್‌ಇ ಎಡಿಟ್ ಸಲಕರಣೆಯಲ್ಲಿ ಎರಡನ್ನೂ ತೆರೆದು ನೋಡಿದಾಗ, ಮನೆ ಕಟ್ಟಿದವರು ನೆಲ ಸಮತಟ್ಟು ಮಾಡುವಾಗ ಅಲ್ಲಿಯ ನ್ಯಾವ್‌ಮೆಶ್ ಅನ್ನು ಅಳಿಸಿಹಾಕಿದ್ದರು. ನ್ಯಾವ್‌ಮೆಶ್ ಎಂದರೆ ಪಾತ್ರಗಳು ಎಲ್ಲಿ ಕಾಲಿಡಬಹುದು ಎಂದು ಆಟಕ್ಕೆ ತಿಳಿಸುವ, ಕಣ್ಣಿಗೆ ಕಾಣದ ನೆಲಹಾಸು. ದೊಡ್ಡ ಮಾಡ್ ತನ್ನ ಪಾದಚಾರಿಗಳ ದಾರಿಯನ್ನು ಅದೇ ನೆಲಹಾಸಿಗೆ ಹೊಲಿದಿತ್ತು. ಇಲ್ಲದ ಹಾಸಿನ ಅಂಚನ್ನು ಹುಡುಕಿಕೊಂಡು ಹೋದ ಆಟ ಅಲ್ಲಿಯೇ ಬೀಳುತ್ತಿತ್ತು. ಎಸ್‌ಎಸ್‌ಇ ಎಡಿಟ್‌ನ ಸ್ವಯಂಚಾಲಿತ ಶುದ್ಧೀಕರಣ ಅಳಿಸಿದ ಕಲ್ಲು ಮರಗಳನ್ನು ಸರಿಪಡಿಸಬಲ್ಲದು, ಅಳಿಸಿದ ನ್ಯಾವ್‌ಮೆಶ್ ಅನ್ನು ಸರಿಪಡಿಸಲಾರದು. ಲೋಡ್ ಆರ್ಡರ್ (ಪ್ಲಗಿನ್‌ಗಳು ತೆರೆಯುವ ಕ್ರಮ) ವಿಂಗಡಿಸುವ ಲೂಟ್ ಎಂಬ ಸಲಕರಣೆ ಈ ಬಗ್ಗೆ ಎಚ್ಚರಿಕೆಯ ಸಾಲು ತೋರಿಸಿತ್ತು; ಅದನ್ನು ಓದದೆ ವಿಂಗಡಿಸುವ ಗುಂಡಿಯನ್ನಷ್ಟೇ ಒತ್ತಿದ್ದು ನನ್ನ ತಪ್ಪು. ಕಡೆಗೆ ಮನೆಯ ಮಾಡ್‌ನ ತಿದ್ದಿದ ಆವೃತ್ತಿ ಸಿಕ್ಕಿತು.

ವರದಿಗಳಲ್ಲಿ ಯಾವ ಹೆಸರೂ ಮರಳದಿದ್ದರೆ ಉಳಿಯುವುದು ಅರ್ಧ ಮಾಡುವ ವಿಧಾನ. 64 ಮಾಡ್‌ಗಳಿದ್ದರೆ 32ನ್ನು ಆಫ್ ಮಾಡಿ. ದೋಷ ಉಳಿದರೆ ಅದು ಓಡುತ್ತಿರುವ ಅರ್ಧದಲ್ಲಿದೆ, ಹೋದರೆ ಆಫ್ ಮಾಡಿದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಆರು ಸುತ್ತಿನಲ್ಲಿ ಒಂದೇ ಮಾಡ್ ಉಳಿಯುತ್ತದೆ. ಒಂದೊಂದಾಗಿ ತೆಗೆಯುತ್ತ ಹೋದರೆ 64 ಸುತ್ತು ಬೇಕಾಗಬಹುದು. ಎರಡು ಎಚ್ಚರಿಕೆಗಳಿವೆ: ಒಂದು ಮಾಡ್ ಆಫ್ ಮಾಡುವಾಗ ಅದರ ಮೇಲೆ ನಿಂತ ಪ್ಯಾಚ್‌ಗಳನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಮಾಸ್ಟರ್ ಕಾಣೆಯಾಗಿ ಬೇರೆಯೇ ಕ್ರ್ಯಾಶ್ ಹುಟ್ಟುತ್ತದೆ, ಮತ್ತು ಈ ಪರೀಕ್ಷೆಯನ್ನು ನಿಮ್ಮ ಮುಖ್ಯ ಸೇವ್‌ನಲ್ಲಿ ಎಂದಿಗೂ ಮಾಡಬಾರದು. ಮುಖ್ಯ ಮೆನುವಿನಲ್ಲಿಯೇ ಕನ್ಸೋಲ್ ತೆರೆದು, ಸಿ, ಒ, ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು ರಿವರ್‌ವುಡ್ ಎಂದು ಬರೆದರೆ ಹೊಸ ಪಾತ್ರ ನೇರವಾಗಿ ಆ ಹಳ್ಳಿಯಲ್ಲಿ ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ ಸೇವ್ ಮಾಡದೆ ಹೊರಬನ್ನಿ. ಎರಡು ಮಾಡ್‌ಗಳ ಜಗಳದಿಂದ ಹುಟ್ಟಿದ ದೋಷವನ್ನು ಈ ವಿಧಾನ ಕೆಲವೊಮ್ಮೆ ಅಡಗಿಸಿಬಿಡುತ್ತದೆ, ಏಕೆಂದರೆ ಅವು ಬೇರೆ ಬೇರೆ ಅರ್ಧಗಳಿಗೆ ಹೋದರೆ ಯಾವ ಅರ್ಧದಲ್ಲೂ ದೋಷ ಕಾಣದು. ಹಾಗಾದರೆ ಅದೇ ಒಂದು ಸುಳಿವೆಂದು ತಿಳಿದು ಗುಂಪುಗಳನ್ನು ಬೇರೆ ರೀತಿ ವಿಭಜಿಸಬೇಕು.

ಕಣ್ಣಿಗೆ ಕಾಣುವ ದೋಷಗಳು

ಮನೆ, ಬಾಗಿಲು, ಅಂಗಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಟೆಕ್ಸ್ಚರ್ ಫೈಲು ಸಿಕ್ಕಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ದೂರಬೇಕಿಲ್ಲ. ವಸ್ತು ಇರಬೇಕಾದ ಜಾಗದಲ್ಲಿ ಕೆಂಪು ಆಶ್ಚರ್ಯಸೂಚಕ ನಿಂತಿದ್ದರೆ ಮೆಶ್ ಸಿಕ್ಕಿಲ್ಲ. ಪಾತ್ರಗಳು ಕೈಗಳನ್ನು ಎರಡೂ ಕಡೆ ಚಾಚಿ ಗದ್ದೆಯ ಬೆದರುಬೊಂಬೆಯಂತೆ ತೇಲಿದರೆ, ಚಲನೆಯ ಮಾಡ್ ಹಾಕಿದ ಮೇಲೆ ನೆಮೆಸಿಸ್ ಅಥವಾ ಪಂಡೋರಾ ಸಲಕರಣೆಯನ್ನು ಓಡಿಸುವುದು ಬಿಟ್ಟುಹೋಗಿದೆ. ಅದನ್ನು ಮಾಡ್ ಆರ್ಗನೈಸರಿನ ಒಳಗಿನಿಂದಲೇ ಓಡಿಸಬೇಕು.

ಮುಖ ಮಾತ್ರ ಕಪ್ಪಾಗಿ, ದೇಹ ಸಹಜ ಬಣ್ಣದಲ್ಲಿದ್ದರೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಮಾಡ್ ಹಾಕುವುದರ ತಿರುಳು ಇಲ್ಲಿದೆ. ಮಾಡ್ ಆರ್ಗನೈಸರಿನ ಎಡಗಡೆಯ ಪಟ್ಟಿ ಫೈಲುಗಳಲ್ಲಿ ಯಾವುದು ಗೆಲ್ಲಬೇಕೆಂದು ತೀರ್ಮಾನಿಸುತ್ತದೆ. ಬಲಗಡೆಯ ಪಟ್ಟಿ ಪ್ಲಗಿನ್‌ಗಳೊಳಗಿನ ದಾಖಲೆಗಳಲ್ಲಿ ಯಾವುದು ಗೆಲ್ಲಬೇಕೆಂದು ತೀರ್ಮಾನಿಸುತ್ತದೆ. ಲಿಡಿಯಾ ಎಂಬ ಪಾತ್ರದ ಮುಖವನ್ನು ಎರಡು ಮಾಡ್‌ಗಳು ಬದಲಿಸಿವೆ ಎನ್ನಿ. ಎಡಗಡೆ ಒಂದು ಕೆಳಗಿದ್ದು ಅದರ ಮುಖದ ಮೆಶ್ ಗೆದ್ದು, ಬಲಗಡೆ ಇನ್ನೊಂದು ಕೆಳಗಿದ್ದು ಅದರ ದಾಖಲೆ ಗೆದ್ದರೆ, ದಾಖಲೆ ಹೇಳುವ ಮೂಗು ಹುಬ್ಬುಗಳು ಮೆಶ್‌ನಲ್ಲಿ ಇರುವುದಿಲ್ಲ. ಆಟ ಬಣ್ಣ ಹಚ್ಚುವುದನ್ನೇ ಬಿಟ್ಟುಬಿಡುತ್ತದೆ. ಎರಡೂ ಪಟ್ಟಿಗಳಲ್ಲಿ ಒಂದೇ ಮಾಡ್ ಗೆಲ್ಲುವಂತೆ ಜೋಡಿಸಿದರೆ ಮುಖ ಬೆಳಗುತ್ತದೆ. ಎಡಗಡೆ ಮಿಂಚಿನ ಚಿಹ್ನೆಯ ಜೊತೆ ಅಧಿಕ ಚಿಹ್ನೆ ಇದ್ದರೆ ಆ ಮಾಡ್ ಇನ್ನೊಂದನ್ನು ಮುಚ್ಚುತ್ತಿದೆ, ಋಣ ಚಿಹ್ನೆ ಇದ್ದರೆ ತಾನೇ ಮುಚ್ಚಿಹೋಗುತ್ತಿದೆ. ಲೂಟ್ ಬಲಗಡೆಯ ಪಟ್ಟಿಯನ್ನು ಮಾತ್ರ ಮುಟ್ಟುತ್ತದೆ, ಎಡಗಡೆಯ ಜಗಳ ಬಿಡಿಸುವವರು ನೀವೇ.

ಯಾವ ಮಾಡ್ ಅಪರಾಧಿ ಎಂದು ತಿಳಿಯದಿದ್ದರೆ ಕನ್ಸೋಲ್ ತೆರೆದು ಆ ವಸ್ತುವಿನ ಮೇಲೆ ಕ್ಲಿಕ್ ಮಾಡಿ. ಅಂಕಿ, ಅಕ್ಷರಗಳು ಸೇರಿ ಎಂಟು ಸ್ಥಾನಗಳ ಒಂದು ಗುರುತು ಮೇಲೆ ಕಾಣುತ್ತದೆ. ಮೊದಲ ಎರಡು ಸ್ಥಾನಗಳು ಆ ವಸ್ತುವನ್ನು ಸೇರಿಸಿದ ಪ್ಲಗಿನ್‌ನ ಕ್ರಮಸಂಖ್ಯೆ: 00 ಎಂದರೆ ಮೂಲ ಆಟ, 02 ಎಂದರೆ ಡಾನ್‌ಗಾರ್ಡ್ ವಿಸ್ತರಣೆ, 04 ಎಂದರೆ ಡ್ರ್ಯಾಗನ್‌ಬಾರ್ನ್ ವಿಸ್ತರಣೆ. ಎಫ್ ಮತ್ತು ಇ ಅಕ್ಷರಗಳಿಂದ ಆರಂಭವಾದರೆ ಅದು ಹಗುರ ಪ್ಲಗಿನ್, ಮುಂದಿನ ಮೂರು ಸ್ಥಾನಗಳು ಅದರ ಸಂಖ್ಯೆ. ಬಲಗಡೆಯ ಪಟ್ಟಿಯ ಸಂಖ್ಯೆಗೆ ಇದನ್ನು ತಾಳೆ ನೋಡಿದರೆ ಹೆಸರು ಸಿಗುತ್ತದೆ. ಮೂಲ ಆಟದ ವಸ್ತುವನ್ನು ಮಾಡ್ ತಿದ್ದಿದ್ದರೆ ಮಾತ್ರ ಗುರುತು 00 ಎಂದೇ ಉಳಿಯುತ್ತದೆ. ಆಗ ಎಸ್‌ಎಸ್‌ಇ ಎಡಿಟ್‌ನಲ್ಲಿ ಅದೇ ಗುರುತನ್ನು ಹುಡುಕಬೇಕು.

ದೋಷ ಸಿಕ್ಕ ಮೇಲೆ ಸೇವ್‌ನ ಪಾಡು

ಟೆಕ್ಸ್ಚರ್ ಅಥವಾ ಮೆಶ್ ಮಾತ್ರ ಇರುವ ಮಾಡ್ ಅನ್ನು ನಡುವೆ ತೆಗೆದರೆ ಅಪಾಯವಿಲ್ಲ. ಸ್ಕ್ರಿಪ್ಟ್ ಇರುವ ಮಾಡ್ ಹಾಗಲ್ಲ. ಅದರ ಸ್ಕ್ರಿಪ್ಟ್‌ಗಳ ಸ್ಥಿತಿ ಸೇವ್ ಫೈಲಿನೊಳಗೆ ಬರೆದಿರುತ್ತದೆ, ಮಾಡ್ ಹೋದರೂ ಬರಹ ಉಳಿಯುತ್ತದೆ. ತೆಗೆದ ದಿನ ಎಲ್ಲವೂ ಸರಿಯಾಗಿ ಕಂಡು, ಇಪ್ಪತ್ತು ಗಂಟೆ ಆಡಿದ ಮೇಲೆ ಯಾವುದೋ ಕಾರ್ಯ ಮುಂದುವರಿಯದೆ ನಿಲ್ಲಬಹುದು. ರೀಸೇವರ್ ಎಂಬ ಸಲಕರಣೆಯಿಂದ ಸೇವ್ ತೊಳೆಯಬಹುದೆಂದು ಹಲವರು ಹೇಳುತ್ತಾರೆ. ಒಳಗೆ ಏನಿದೆಯೆಂದು ನೋಡಲು ಅದು ಒಳ್ಳೆಯ ಸಾಧನ, ಆದರೆ ಅದರಿಂದ ತೊಳೆದ ಸೇವ್ ಮೇಲೆ ದೀರ್ಘ ಆಟ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಆ ಮಾಡ್ ಹಾಕುವ ಮೊದಲಿನ ಸೇವ್ ಇದ್ದರೆ ಅಲ್ಲಿಗೆ ಮರಳಿ. ಅದಿಲ್ಲದಿದ್ದರೆ, ಕ್ರ್ಯಾಶ್ ಆಗದಷ್ಟು ಮಟ್ಟಿಗೆ ಮಾಡ್ ಅನ್ನು ಹಾಗೆಯೇ ಉಳಿಸಿಕೊಂಡು ಆ ಪಾತ್ರದ ಕಥೆ ಮುಗಿಸಿ, ಹೊಸ ಪಾತ್ರಕ್ಕೆ ಅದನ್ನು ಕೈಬಿಡಿ.

ಎಲ್ಲವೂ ಓಡಿದ ದಿನವೇ ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್ ತೆರೆದು, ಆಟ ತೆರೆಯುವಾಗ ಮಾತ್ರ ಅಪ್‌ಡೇಟ್ ಮಾಡು ಎಂಬ ಆಯ್ಕೆಗೆ ಬದಲಿಸಿ. ಎಸ್‌ಕೆಎಸ್‌ಇ ಲೋಡರ್ ಸ್ಟೀಮ್‌ನ ಗುಂಡಿಯನ್ನು ಬಳಸದೆ ಆಟ ತೆರೆಯುವುದರಿಂದ, ನೀವಾಗಿ ಆ ಹಸಿರು ಗುಂಡಿ ಒತ್ತುವವರೆಗೆ ಆವೃತ್ತಿಯ ಸಂಖ್ಯೆ ಕಾಗದದ ಮೇಲೆ ಬರೆದಿಟ್ಟದ್ದೇ ಆಗಿ ಉಳಿಯುತ್ತದೆ.